ಹೆಜ್ಜೆ ಕಾಣದ ಹ್ಯಾಂಡ್‌ಹೆಲ್ಡ್: ಡೋರ್‌ವೇ ಡಾಲಿ, ಶೋಲ್ಡರ್ ರಿಗ್ ಜೋಡಿಯ ದೀರ್ಘಕಾಲದ ಬಳಕೆ

ಕ್ಯಾಮೆರಾ ಹೆಗಲಿಗೇರಿಸಿ ನಡೆದಾಗ ಫ್ರೇಮ್ ಎರಡು ರೀತಿಯಲ್ಲಿ ಅಲುಗುತ್ತದೆ. ಉಸಿರು, ತೋಳುಗಳಿಂದ ಬರುವ ಸಣ್ಣ ತೂಗಾಟ ದೃಶ್ಯಕ್ಕೆ ಜೀವ ಕೊಡುತ್ತದೆ. ಹೆಜ್ಜೆಯಿಂದ ಬರುವುದು ಸೆಕೆಂಡಿಗೆ ಸುಮಾರು ಎರಡು ಸಲ ಮೇಲೆ ಕೆಳಗೆ ಕುಕ್ಕುತ್ತದೆ, ನೋಡುವವರಿಗೆ ತಲೆ ತಿರುಗಿಸುತ್ತದೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನಷ್ಟೇ ತೆಗೆಯಬೇಕಿದ್ದರೆ ಚಕ್ರದ ಹಲಗೆಬಂಡಿಯಾದ ಡೋರ್‌ವೇ ಡಾಲಿ ಮೇಲೆ ಕ್ಯಾಮೆರಾಮನ್‌ರನ್ನು ಕೂರಿಸಿ ತಳ್ಳುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೋಟಾರುಗಳಿಂದ ಕ್ಯಾಮೆರಾವನ್ನು ಸ್ಥಿರವಾಗಿಡುವ ಗಿಂಬಲ್ ಇಲ್ಲಿ ಎರಡು ಕಡೆಯೂ ಸೋಲುತ್ತದೆ: ಪ್ಯಾನ್ (ಎಡಬಲಕ್ಕೆ ತಿರುಗುವುದು), ಟಿಲ್ಟ್ (ಮೂಗು ಎತ್ತಿ ತಗ್ಗಿಸುವುದು), ರೋಲ್ (ಪಕ್ಕಕ್ಕೆ ವಾಲುವುದು) ಎಂಬ ಮೂರು ತಿರುಗಾಟಗಳನ್ನು ಅದು ಅಳಿಸಿಬಿಡುತ್ತದೆ, ಆದರೆ ಹೆಜ್ಜೆಯ ಕುಕ್ಕಾಟಕ್ಕೆ ಅದರಲ್ಲಿ ಮದ್ದಿಲ್ಲ. ಅದಕ್ಕೆ ಬೇರೆಯಾಗಿ ಸ್ಪ್ರಿಂಗ್ ತೋಳು ಬೇಕು, ಇಲ್ಲವೇ ಮೊಣಕಾಲು ಬಗ್ಗಿಸಿ ನಡೆಯುವ ಅಭ್ಯಾಸ ಬೇಕು.

ಡಾಲಿಯ ರಚನೆ ಸರಳ. ದಪ್ಪ ಪ್ಲೈವುಡ್ ಹಲಗೆ, ಕೆಳಗೆ ಲೋಹದ ಚೌಕಟ್ಟು, ನಾಲ್ಕು ಗಾಳಿ ಟೈರು, ಒಂದು ತುದಿಯಲ್ಲಿ ಎಳೆಯುವ ಹಿಡಿ. ಹಿಡಿ ತಿರುಗಿಸಿದರೆ ಆ ಬದಿಯ ಎರಡು ಚಕ್ರಗಳು ತಿರುಗುತ್ತವೆ. ಅಗಲ ಕಡಿಮೆಯಾದ್ದರಿಂದ ಬಾಗಿಲಲ್ಲಿ ನುಗ್ಗುತ್ತದೆ, ಹೆಸರು ಬಂದದ್ದೂ ಹಾಗೆಯೇ. ಹಲಗೆ, ಚೌಕಟ್ಟು ಎಷ್ಟು ಬಳಸಿದರೂ ಸವೆಯುವುದಿಲ್ಲ. ತಕರಾರೆಲ್ಲ ಚಕ್ರದ್ದು.

ಟೈರಿನ ಗಾಳಿಯನ್ನು ಯಾರೂ ನೋಡುವುದಿಲ್ಲ, ಅಲ್ಲೇ ಶಾಟ್ ಕೆಡುತ್ತದೆ. ಗಟ್ಟಿಯಾಗಿ ತುಂಬಿದ್ದರೆ ಟೈಲ್ಸ್‌ನ ಪ್ರತಿ ಸಂದೂ ಫ್ರೇಮಿಗೆ ಏರುತ್ತದೆ. ತೀರಾ ಮೆತ್ತಗಿದ್ದರೆ ಡಾಲಿ ನಿಂತ ಮೇಲೂ ಹಲಗೆ ತೂಗುತ್ತಿರುತ್ತದೆ. ಕ್ಯಾಮೆರಾಮನ್ ಹತ್ತಿ ಕೂತ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ, ತುಸು ತಗ್ಗಿದರೆ ಸರಿ. ನಾಲ್ಕರಲ್ಲೂ ಗಾಳಿ ಒಂದೇ ಸಮ ಇರಲೇಬೇಕು. ಒಂದು ಟೈರ್ ಇಳಿದಿದ್ದರೆ ಡಾಲಿ ಆ ಕಡೆಗೇ ಎಳೆಯುತ್ತದೆ, ಜೊತೆಗೆ ಹಲಗೆಯೂ ವಾಲುತ್ತದೆ. ಟೈಲ್ಸ್ ನೆಲದಲ್ಲಿ ಸಂದುಗಳಿಗೆ ಓರೆಯಾಗಿ ಓಡಿಸಿ. ಆಗ ಮುಂದಿನ ಎರಡೂ ಚಕ್ರಗಳು ಒಮ್ಮೆಲೇ ಸಂದಿಗೆ ಬೀಳುವುದಿಲ್ಲ, ಕುಲುಕು ಅರ್ಧಕ್ಕಿಳಿಯುತ್ತದೆ. ಒರಟು ನೆಲವಾದರೆ ಪ್ಲೈವುಡ್ ಹಾಳೆ ಹಾಸಿ, ಸೇರುವ ಕಡೆ ಅಗಲದ ಟೇಪ್ ಹಚ್ಚುವುದು ಬಿಟ್ಟು ಉಪಾಯವಿಲ್ಲ.

ಕೂರುವ ಕ್ರಮಕ್ಕೂ ಅಷ್ಟೇ ತೂಕವಿದೆ. ಆಪಲ್ ಬಾಕ್ಸನ್ನು (ಸೆಟ್ಟಿನಲ್ಲಿ ಬಳಸುವ ಗಟ್ಟಿ ಮರದ ಪೆಟ್ಟಿಗೆ) ಹಲಗೆಗೆ ರಾಚೆಟ್ ಪಟ್ಟಿಯಿಂದ ಬಿಗಿದು ಅದರ ಮೇಲೆ ಕೂರಬೇಕು. ಪಾದ ಎರಡೂ ಹಲಗೆಯ ಮೇಲಿರಲಿ. ಬೆನ್ನನ್ನು ಹಿಡಿಯ ಕಂಬಿಗೆ ಒರಗಿಸಬೇಡಿ, ಮೊಣಕೈಯನ್ನು ತೊಡೆಗೆ ಊರಬೇಡಿ. ನೆಲದ ನಡುಕವನ್ನು ಹೀರುವುದು ಸೊಂಟ, ಬೆನ್ನು. ಅವನ್ನು ಬಿಟ್ಟು ಬೇರೆ ದಾರಿ ಕೊಟ್ಟರೆ ನಡುಕ ನೇರ ಕ್ಯಾಮೆರಾಕ್ಕೆ ಹೋಗುತ್ತದೆ. ಹಗುರ ಮೈಯವರು ಕೂತಾಗ ಡಾಲಿ ಪುಟಿದರೆ ಹಲಗೆಯ ನಾಲ್ಕು ಮೂಲೆಗೂ ಮರಳು ಚೀಲ ಇಡಿ. ಭಾರ ಹೆಚ್ಚಿದಷ್ಟೂ ಓಟ ನುಣುಪು, ತಳ್ಳುವವರ ಪಾಡು ಮಾತ್ರ ಅಷ್ಟೇ ಹೆಚ್ಚುತ್ತದೆ.

ಕ್ಯಾಮೆರಾವನ್ನು ಹೆಗಲ ಮೇಲೆ ಕೂರಿಸುವ ಚೌಕಟ್ಟಾದ ಶೋಲ್ಡರ್ ರಿಗ್‌ನಲ್ಲಿ 15 ಮಿ.ಮೀ. ರಾಡ್‌ಗಳದ್ದೇ ಆಯ್ಕೆ ಸರಿ. ಎರಡು ರಾಡ್‌ಗಳ ನಡುಮಧ್ಯದ ಅಂತರ 60 ಮಿ.ಮೀ. ಇರುವುದು ರೂಢಿಯಾದ ಅಳತೆ, ಹಾಗಾಗಿ ಒಂದು ಕಂಪನಿಯ ಮ್ಯಾಟ್ ಬಾಕ್ಸ್ (ಲೆನ್ಸಿಗೆ ಬೇಡದ ಬೆಳಕು ತಡೆಯುವ ಚೌಕಟ್ಟು), ಫಾಲೋ ಫೋಕಸ್ (ಫೋಕಸ್ ತಿರುಗಿಸುವ ಗಾಲಿ) ಇನ್ನೊಂದರ ರಿಗ್‌ಗೆ ಕೂರುತ್ತವೆ. ಬ್ಯಾಟರಿಯನ್ನು ಹೆಗಲಿನ ಹಿಂದಕ್ಕೆ ಸರಿಸುತ್ತಾ ಹೋಗಿ. ಹಿಡಿಗಳಿಂದ ಕೈ ತೆಗೆದರೂ ರಿಗ್ ಒಂದು ಕ್ಷಣ ಮೂಗು ತಗ್ಗಿಸದೆ ನಿಂತರೆ ಸಮತೋಲ ಸಿಕ್ಕಿತು. ಹೀಗೆ ಹೊಂದಿಸದ ರಿಗ್ ಮುಂಗೈಯನ್ನು ಬೇಗ ದಣಿಸುತ್ತದೆ, ದಣಿದ ಕೈ ನಡುಗುತ್ತದೆ. ಡಾಲಿಯ ಕಂಪನಕ್ಕೆ ಮೊದಲು ಸಡಿಲವಾಗುವುದು ಕ್ಯಾಮೆರಾ ತಳದ ಕಾಲಿಂಚಿನ ಸ್ಕ್ರೂ. ಒಂದೇ ಸ್ಕ್ರೂ ಇದ್ದರೆ ಕ್ಯಾಮೆರಾ ಪ್ಲೇಟಿನ ಮೇಲೆ ತಿರುಗುತ್ತದೆ, ಆದ್ದರಿಂದ ಪಿನ್ ಅಥವಾ ಅಂಚುಪಟ್ಟಿ ಇರುವ ಪ್ಲೇಟ್ ತೆಗೆದುಕೊಳ್ಳಿ. ದಿನಾ ಬಿಚ್ಚದ ಕ್ಲ್ಯಾಂಪ್ ಸ್ಕ್ರೂಗಳಿಗೆ, ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕ್ ಒಂದು ಹನಿ ಸಾಕು. ಕೆಂಪು ಹಾಕಿದರೆ ಬಿಸಿ ಮಾಡದೆ ಬಿಚ್ಚುವುದು ಕಷ್ಟ.

ಟ್ರ್ಯಾಕ್ ಅಂದರೆ ಹಳಿಗಳ ಮೇಲೆ ಓಡಿಸಲು ಗಾಳಿ ಟೈರ್ ಬಿಚ್ಚಿ, ಓರೆಯಾಗಿ ಜೋಡಿಸಿದ ಸ್ಕೇಟ್ ಚಕ್ರಗಳ ಸೆಟ್ ಹಾಕಬೇಕು. ಎರಡು ಹಳಿಗಳ ಜೋಡುಗಳನ್ನು ಎದುರುಬದುರು ಬರಗೊಡಬೇಡಿ. ಮಟ್ಟ ಮಾಡುವಾಗ ನೆಲದ ಅತಿ ಎತ್ತರದ ಜಾಗದಿಂದ ಶುರುಮಾಡಿ ಉಳಿದದ್ದನ್ನು ಬೆಣೆ ಕೊಟ್ಟು ಎತ್ತುತ್ತಾ ಬನ್ನಿ. ರಸಮಟ್ಟವನ್ನು ಹಳಿಯ ಉದ್ದಕ್ಕೂ ಇಡಬೇಕು, ಎರಡು ಹಳಿಗಳಿಗೆ ಅಡ್ಡಲಾಗಿಯೂ ಇಡಬೇಕು. ಪಿವಿಸಿ ಪೈಪ್ ಹಳಿಗಳು ಬಿಸಿಲಿಗೆ ಬಾಗುತ್ತವೆ, ಮನುಷ್ಯನ ಭಾರಕ್ಕೆ ಅವು ಲಾಯಕ್ಕಲ್ಲ. ಡಾಲಿಯನ್ನು ರಾತ್ರಿಯೆಲ್ಲ ಹಳಿಯ ಮೇಲೇ ಬಿಟ್ಟರೆ ಚಕ್ರ ಒಂದೆಡೆ ಚಪ್ಪಟೆಯಾಗಿ ಬೆಳಿಗ್ಗೆ ಟಕ್ ಟಕ್ ಶುರುವಾಗುತ್ತದೆ. ಸ್ಕೇಟ್ ಚಕ್ರಗಳ ಬೇರಿಂಗ್ 608 ನಮೂನೆಯದು: ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ರಬ್ಬರ್ ಸೀಲ್ ಇರುವುದು ತುಸು ಬಿಗಿ, ಆದರೂ ಧೂಳಿನಲ್ಲಿ ಅದೇ ಬಾಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಹಳಿ ಕಿರುಗುಟ್ಟಿದರೆ ಟಾಲ್ಕಂ ಪೌಡರ್ ಸವರಿ, ಸುಮ್ಮನಾಗುತ್ತದೆ.

ಲೆನ್ಸ್ ವಿಷಯದಲ್ಲಿ ಫುಲ್ ಫ್ರೇಮ್‌ನಲ್ಲಿ (35 ಮಿ.ಮೀ. ಸ್ಟಿಲ್ ಫಿಲ್ಮಿನಷ್ಟು ದೊಡ್ಡ ಸೆನ್ಸರ್) 24ರಿಂದ 35 ಮಿ.ಮೀ. ನಿರಾಳ. 50 ದಾಟಿದರೆ ನೆಲದ ಪ್ರತಿ ಉಬ್ಬುತಗ್ಗೂ ಕಾಣುತ್ತದೆ. ಅಗಲದ ಲೆನ್ಸ್ ಹಾಕಿದಾಗ ಕ್ಯಾಮೆರಾದೊಳಗಿನ ಸೆನ್ಸರ್ ಸ್ಟೆಬಿಲೈಸೇಶನ್ (ಅಲುಗಾಟ ತಡೆಯಲು ಸೆನ್ಸರನ್ನೇ ಸರಿಸುವ ವ್ಯವಸ್ಥೆ) ಆಫ್ ಮಾಡಿಡಿ, ಇಲ್ಲದಿದ್ದರೆ ಮೂಲೆಗಳು ಅಳ್ಳಾಡುತ್ತವೆ.

ಬ್ರೇಕ್ ಇಲ್ಲದಿರುವುದು ಈ ಡಾಲಿಯ ದೊಡ್ಡ ಕೊರತೆ. ನಿಲ್ಲಿಸುವುದು ತಳ್ಳುವವರ ಮೈಭಾರವೇ. ಇಳಿಜಾರಿನಲ್ಲಿ ಹಿಂದೆ ಹಗ್ಗ ಹಿಡಿಯಲು ಇನ್ನೊಬ್ಬರು ಇರಲೇಬೇಕು, ನಿಂತಾಗ ಚಕ್ರಕ್ಕೆ ಬೆಣೆ ಕೊಡಬೇಕು. ಮೆಟ್ಟಿಲು, ಮರಳು, ಕೆಸರಿದ್ದಲ್ಲಿ ಇದು ನಡೆಯುವುದಿಲ್ಲ. ಒಬ್ಬರೇ ಶೂಟ್ ಮಾಡುವವರು ಇದನ್ನು ಕೊಳ್ಳುವುದು ದಂಡ. ಅವರು ಗಿಂಬಲ್‌ನಲ್ಲೇ ಮುಂದುವರಿಯಲಿ.