ಮ್ಯಾಕ್, ಐಪಿ, ವಿಲ್ಯಾನ್: ಸಾಧನಗಳನ್ನು ಯಾವುದರ ಆಧಾರದಲ್ಲಿ ಗುಂಪು ಮಾಡಬೇಕು?

ಪರೀಕ್ಷೆಗೆ ಬಳಸಿದ್ದು ರೂಟರ್‌ಒಎಸ್ 7 ತಂತ್ರಾಂಶ ಇರುವ ಮೈಕ್ರೋಟಿಕ್ ರೂಟರ್ ಮತ್ತು 100 ಎಂಬಿಪಿಎಸ್ ಫೈಬರ್. ಕೆಲಸದ ಲ್ಯಾಪ್‌ಟಾಪ್‌ಗಳು, ಮನೆಯವರ ಫೋನು-ಟಿವಿ, ಕ್ಯಾಮೆರಾಗಳು ಹೀಗೆ ಮೂರು ಗುಂಪು. ಯಾವ ಗುಂಪು ಎಷ್ಟು ಡೇಟಾ ಎಳೆಯುತ್ತಿದೆ ಎಂದು ಕಾಣಬೇಕು. ಕ್ಯಾಮೆರಾ ಅಪ್‌ಲೋಡ್ ಜೋರಾದಾಗ ವಿಡಿಯೊ ಕಾಲ್ ತಡವರಿಸಬಾರದು.

ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಹಿಡಿದು ಗುಂಪು ಮಾಡುವುದು ಎಲ್ಲಕ್ಕಿಂತ ಸುಲಭ. ರೂಟರ್‌ನ ಕಿಡ್ ಕಂಟ್ರೋಲ್ ಸೌಲಭ್ಯದಲ್ಲಿ ಸಾಧನ ಸೇರಿಸಿ, ಸಮಯ ಮತ್ತು ವೇಗದ ಮಿತಿ ಕೊಟ್ಟರೆ ಮುಗಿಯಿತು. ಆದರೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ ಮ್ಯಾಕ್ ಹುಟ್ಟಿಸಿಕೊಳ್ಳುತ್ತವೆ. ವೈಫೈ ಹೆಸರು ಬದಲಿಸಿದ ದಿನ ಗುಂಪು ಖಾಲಿ. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಇಂಥ ಹುಟ್ಟಿಸಿದ ವಿಳಾಸ. ಟಿವಿ, ಪ್ರಿಂಟರ್‌ಗಳಿಗೆ ಈ ದಾರಿ ಸಾಕು, ಫೋನುಗಳಿಗೆ ನಂಬುವಂತಿಲ್ಲ.

ಐಪಿ (ರೂಟರ್ ಸಾಧನಕ್ಕೆ ಹಂಚುವ ವಿಳಾಸ) ಗುಂಪೂ ಕೊನೆಗೆ ನಿಲ್ಲುವುದು ಮ್ಯಾಕ್ ಮೇಲೆಯೇ, ಆದರೆ ತಪ್ಪಿದಾಗ ಮೆತ್ತಗೆ ತಪ್ಪುತ್ತದೆ. 192.168.88.0/24 ಅನ್ನು ನಾಲ್ಕು /26 ತುಂಡು (ತಲಾ 64 ವಿಳಾಸ) ಮಾಡಿ. 0–63 ಕೆಲಸಕ್ಕೆ, 64–127 ಮನೆಗೆ, 128–191 ಕ್ಯಾಮೆರಾಗೆ. ಡಿಎಚ್‌ಸಿಪಿ ಪೂಲ್ ಅನ್ನು (ರೂಟರ್ ತಾನಾಗಿ ಹಂಚುವ ವಿಳಾಸಗಳು) ಮಾತ್ರ 192–254ಕ್ಕೆ ಸೀಮಿತಗೊಳಿಸಿ. ಗೊತ್ತಿರುವ ಸಾಧನದ ಲೀಸನ್ನು (ಹಂಚಿದ ವಿಳಾಸದ ದಾಖಲೆ) ಮೇಕ್ ಸ್ಟ್ಯಾಟಿಕ್ ಒತ್ತಿ ಕಾಯಂ ಮಾಡಿ ಅದರ ತುಂಡಿನ ವಿಳಾಸ ಕೊಡಿ. ಗುರುತಿಲ್ಲದ ಫೋನು ತಾನಾಗಿಯೇ ನಾಲ್ಕನೇ ತುಂಡಿಗೆ ಬೀಳುತ್ತದೆ, ಅಲ್ಲಿ ಅದಕ್ಕೆ ಕಡಿಮೆ ವೇಗ.

ವೇಗಕ್ಕೆ ಮಿತಿ ಹಾಕುವ ಸಿಂಪಲ್ ಕ್ಯೂನಲ್ಲಿ ಮೊದಲು 95ಎಂ/95ಎಂ (ಎಂ ಅಂದರೆ ಎಂಬಿಪಿಎಸ್) ಮಿತಿಯ ಪೇರೆಂಟ್, ಅದರ ಕೆಳಗೆ ತುಂಡಿಗೊಂದು ಕ್ಯೂ. ಮಿತಿ ಬರೆಯುವಾಗ ಮೊದಲು ಅಪ್‌ಲೋಡ್, ಆಮೇಲೆ ಡೌನ್‌ಲೋಡ್. ತಿರುಗುಮುರುಗಾದರೆ ಕ್ಯಾಮೆರಾ ಹಾಗೇ ಓಡುತ್ತಿರುತ್ತದೆ. ಕೆಲಸದ ಗುಂಪಿಗೆ ಲಿಮಿಟ್-ಅಟ್ (ಖಾತರಿ ವೇಗ) 40ಎಂ, ಕ್ಯಾಮೆರಾ ಅಪ್‌ಲೋಡಿಗೆ ಗರಿಷ್ಠ 8ಎಂ ಇಟ್ಟರೆ ಕಾಲ್‌ಗೆ ಜಾಗ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಕ್ಯೂ ಎಣಿಕೆ ಅಲ್ಲಾಡದೆ, ಸ್ಪೀಡ್ ಟೆಸ್ಟ್ ಪೂರ್ತಿ ವೇಗ ತೋರಿಸಿದರೆ ಕಾರಣ ಫಾಸ್ಟ್‌ಟ್ರ್ಯಾಕ್. ಕಂಪನಿ ಕಾನ್ಫಿಗರೇಶನ್‌ನಲ್ಲಿ ಬರುವ ಈ ಫೈರ್‌ವಾಲ್ ರೂಲ್ ಪ್ಯಾಕೆಟ್‌ಗಳನ್ನು ಸಿಂಪಲ್ ಕ್ಯೂಗೆ ತೋರಿಸದೆ ದಾಟಿಸುತ್ತದೆ. ಅದನ್ನು ಡಿಸೇಬಲ್ ಮಾಡಿ ಹಳೆಯ ಕನೆಕ್ಷನ್‌ಗಳನ್ನು ಅಳಿಸಿ. ಸಿಪಿಯು ಹೊರೆ ಏರುತ್ತದೆ, 100 ಎಂಬಿಪಿಎಸ್‌ಗೆ ಅದು ತೊಂದರೆಯಲ್ಲ.

ಉಳಿಯುವ ದೊಡ್ಡ ತೂತು ಹೊಸ ಬಗೆಯ ಉದ್ದ ವಿಳಾಸವಾದ ಐಪಿವಿ6. ಮೇಲಿನ ಐಪಿವಿ4 ತುಂಡನ್ನು ಟಾರ್ಗೆಟ್ ಮಾಡಿದ ಕ್ಯೂ ಆ ಟ್ರಾಫಿಕ್ಕನ್ನು ಎಣಿಸುವುದೇ ಇಲ್ಲ. ಜೊತೆಗೆ, ಒಂದೇ ಸಬ್‌ನೆಟ್‌ನಲ್ಲಿ (ಇಲ್ಲಿ ಇಡೀ /24) ಕ್ಯಾಮೆರಾ ಲ್ಯಾಪ್‌ಟಾಪ್‌ಗೆ ಕಳಿಸುವ ಪ್ಯಾಕೆಟ್ ರೂಟಿಂಗ್‌ವರೆಗೆ ಬರುವುದಿಲ್ಲ; ಫೈರ್‌ವಾಲ್ ರೂಲ್ ಬರೆದೂ ಪ್ರಯೋಜನವಿಲ್ಲ.

ಈ ಎರಡೂ ತೂತು ಮುಚ್ಚುವುದು ವಿಲ್ಯಾನ್, ಅಂದರೆ ಒಂದೇ ತಂತಿಯ ಮೇಲೆ ಬೇರೆ ಬೇರೆಯಾಗಿ ಓಡುವ ನೆಟ್‌ವರ್ಕ್‌ಗಳು. ಕೆಲಸಕ್ಕೆ 10, ಮನೆಗೆ 20, ಕ್ಯಾಮೆರಾಗೆ 30 ಎಂದಿಟ್ಟುಕೊಳ್ಳಿ. ಕ್ಯಾಮೆರಾ ಪೋರ್ಟ್‌ನ ಪಿವಿಐಡಿ (ಟ್ಯಾಗ್ ಇಲ್ಲದ ಪ್ಯಾಕೆಟ್ ಸೇರುವ ವಿಲ್ಯಾನ್) 30. ಆಕ್ಸೆಸ್ ಪಾಯಿಂಟ್‌ಗೆ ಹೋಗುವ ಪೋರ್ಟ್ ಮೂರಕ್ಕೂ ಟ್ಯಾಗ್ಡ್ (ಪ್ಯಾಕೆಟ್ ಮೇಲೆ ವಿಲ್ಯಾನ್ ಸಂಖ್ಯೆ ಇರುತ್ತದೆ). ಪ್ರತಿ ವಿಲ್ಯಾನ್ ಇಂಟರ್‌ಫೇಸಿಗೂ ಅದರದೇ ವಿಳಾಸ, ಪೂಲ್, ಡಿಎಚ್‌ಸಿಪಿ ಸರ್ವರ್. ಕ್ಯೂನ ಟಾರ್ಗೆಟ್ ಆಗಿ ಇಂಟರ್‌ಫೇಸ್ ಹೆಸರನ್ನೇ ಕೊಟ್ಟರೆ ಐಪಿವಿ6 ಕೂಡ ಲೆಕ್ಕಕ್ಕೆ ಸಿಗುತ್ತದೆ, ಫೋನಿನ ಮ್ಯಾಕ್ ಏನೇ ಆಗಿರಲಿ.

ಇಲ್ಲಿ ಎಡವುವ ಜಾಗಗಳು ಮೂರು. ಪೋರ್ಟ್‌ಗಳನ್ನು ಜೋಡಿಸುವ ಬ್ರಿಡ್ಜ್‌ನಲ್ಲಿ ವಿಲ್ಯಾನ್ ಫಿಲ್ಟರಿಂಗ್ ಅನ್ನು ಮೊದಲೇ ಹಾಕಿದರೆ ರೂಟರ್‌ನ ಬಾಗಿಲೇ ಮುಚ್ಚಿಹೋಗುತ್ತದೆ. ಸಂಪರ್ಕ ಕಡಿದರೆ ಬದಲಾವಣೆ ಹಿಂತೆಗೆಯುವ ಸೇಫ್ ಮೋಡ್‌ನಲ್ಲಿ, ಕಟ್ಟಕಡೆಗೆ ಹಾಕಿ. ರೂಟರ್‌ಒಎಸ್ 7ರ ಹಳೆಯ ಆವೃತ್ತಿಗಳಲ್ಲಿ ಬ್ರಿಡ್ಜನ್ನೇ ಟ್ಯಾಗ್ಡ್ ಸದಸ್ಯನಾಗಿ ಸೇರಿಸಲು ಮರೆತರೆ ಸಾಧನಕ್ಕೆ ವಿಳಾಸವೇ ಸಿಗದು. ವಿಳಾಸ ಸಿಕ್ಕಿಯೂ ಯಾವ ಸೈಟೂ ತೆರೆಯದಿದ್ದರೆ, ಹೊಸ ಇಂಟರ್‌ಫೇಸ್ ಲ್ಯಾನ್ ಎಂಬ ಇಂಟರ್‌ಫೇಸ್ ಲಿಸ್ಟ್‌ಗೆ ಸೇರಿಲ್ಲ, ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕುವ) ಪ್ರಶ್ನೆಗಳನ್ನು ಫೈರ್‌ವಾಲ್ ಬೀಳಿಸುತ್ತಿದೆ.

ಪೋರ್ಟಿಗೆ ಸಾದಾ ಸ್ವಿಚ್ ಸಿಕ್ಕಿಸಿದ್ದರೆ ಅದರಲ್ಲಿರುವ ಸಾಧನಗಳೆಲ್ಲ ಒಂದೇ ಗುಂಪು, ಬಿಡಿಸಲು ಮ್ಯಾನೇಜ್ಡ್ ಸ್ವಿಚ್ ಕೊಳ್ಳಬೇಕು. ಸೇವಾದಾರರು ಒಂದೇ /64 (ಒಂದು ನೆಟ್‌ವರ್ಕ್‌ನಷ್ಟು ಐಪಿವಿ6 ವಿಳಾಸಗಳು) ಕೊಟ್ಟರೆ ಐಪಿವಿ6 ಒಂದೇ ವಿಲ್ಯಾನ್‌ಗೆ ಸಿಗುತ್ತದೆ.

ಹತ್ತು ಹನ್ನೆರಡು ಸಾಧನಗಳ ಮನೆಗೆ ನಾಲ್ಕು ತುಂಡಿನ ಐಪಿ ವಿಧಾನವೇ ನಮ್ಮ ಆಯ್ಕೆ. ಅರ್ಧ ಗಂಟೆಯ ಕೆಲಸ. ಕ್ಯಾಮೆರಾ ಅಥವಾ ಅಗ್ಗದ ಸ್ಮಾರ್ಟ್ ಪ್ಲಗ್ ಒಂದಿದ್ದರೂ ಅದಕ್ಕೆ ಮಾತ್ರ ವಿಲ್ಯಾನ್ 30 ಮಾಡಿ, ಉಳಿದದ್ದನ್ನು ಐಪಿಯಲ್ಲೇ ಬಿಡಿ. ಟಿವಿಯನ್ನು ಬೇರೆ ವಿಲ್ಯಾನ್‌ಗೆ ಕಳಿಸಬೇಡಿ: ಫೋನಿನಿಂದ ಕಾಸ್ಟ್ ಮಾಡಲು ಬೇಕಾದ ಎಂಡಿಎನ್‌ಎಸ್ (ಅದೇ ನೆಟ್‌ವರ್ಕ್‌ನ ಸಾಧನ ಹುಡುಕುವ) ಕೂಗು 224.0.0.251ರ 5353 ಪೋರ್ಟಿಗೆ ಹೋಗುತ್ತದೆ, ಅದು ತಾನಾಗಿ ವಿಲ್ಯಾನ್ ದಾಟುವುದಿಲ್ಲ.