ಅಲ್ಯೂಮಿನಿಯಂ ಪೆಟ್ಟಿಗೆಯೋ, ಬಟ್ಟೆ ಬ್ಯಾಗೋ? ಹಿಮಾಲಯನ್ ಮೇಲೆ ಎರಡನ್ನೂ ಹೊತ್ತ ಮೇಲೆ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿಗೆ ಲಗೇಜ್ ಕಟ್ಟೋಕೆ ಏನು ಹಾಕಿಸಲಿ ಅಂತ ಯಾರಾದರೂ ಕೇಳಿದರೆ ನಾನು ಯೋಚನೆಯನ್ನೇ ಮಾಡುವುದಿಲ್ಲ. ಸಾಫ್ಟ್ ಬ್ಯಾಗ್, ಅಂದರೆ ಗಾಡಿಯ ಎರಡೂ ಪಕ್ಕಕ್ಕೆ ಕಟ್ಟುವ ಬಟ್ಟೆಯ ಬ್ಯಾಗ್, ಹಾಕಿಸಿ ಅಂತೀನಿ. ಅಲ್ಯೂಮಿನಿಯಂ ಪೆಟ್ಟಿಗೆ ಬಗ್ಗೆ ಕೇಳಿದ ಮಾತಲ್ಲ ಇದು. ರ‍್ಯಾಕ್ ಸೇರಿ 28,000 ರೂಪಾಯಿ ಕೊಟ್ಟು ಜೋಡಿ ಪೆಟ್ಟಿಗೆ ಕೊಂಡೆ. 2022ರ ಜೂನ್‌ನಲ್ಲಿ ಅದನ್ನು ಹೊತ್ತುಕೊಂಡು ಬೆಂಗಳೂರಿನಿಂದ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ ಬಂದೆ. 2024ರ ಸೆಪ್ಟೆಂಬರ್‌ನಲ್ಲಿ ಅದೇ ಗಾಡಿಗೆ 9,000 ರೂಪಾಯಿಯ ಬಟ್ಟೆ ಬ್ಯಾಗ್ ಕಟ್ಟಿ, ಶಿಂಕು ಲಾ ಅನ್ನುವ ಎತ್ತರದ ಘಾಟಿ ದಾಟಿ ಲಡಾಖಿನ ಜಾನ್‌ಸ್ಕಾರ್ ಕಡೆ ಹೋದೆ. ಸವಾರ ಅದೇ, ಗಾಡಿ ಅದೇ, ರಸ್ತೆಗಳೂ ಹೆಚ್ಚು ಕಡಿಮೆ ಅಷ್ಟೇ ಕೆಟ್ಟವು.

ಪೆಟ್ಟಿಗೆ ನೋಡೋಕೆ ಚೆನ್ನಾಗಿರುತ್ತದೆ, ನಿಜ. ಬೀಗ ಇದೆ, ನೀರು ಒಳಗೆ ಹೋಗಲ್ಲ, ಮುಚ್ಚಳದ ಮೇಲೆ ಸ್ಟವ್ ಇಟ್ಟು ಚಹಾ ಕಾಯಿಸಬಹುದು. ಇಷ್ಟೆಲ್ಲ ಕೊಳ್ಳುವಾಗಲೇ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಕಪ್ಪು ಪುಡಿ.

ಶಿಮ್ಲಾ, ರಾಮ್‌ಪುರ, ನಾಕೋ, ತಾಬೋ ದಾಟಿ, ಶಿಮ್ಲಾದಿಂದ ಹೊರಟ ನಾಲ್ಕನೇ ದಿನ ಸಂಜೆ ಸ್ಪಿತಿಯ ಕಾಜಾ ತಲುಪಿದೆ. ರೂಮಿನಲ್ಲಿ ಎಡಗಡೆ ಪೆಟ್ಟಿಗೆ ತೆರೆದೆ. ಮೇಲಿದ್ದ ಬಿಳಿ ಥರ್ಮಲ್ ಬನಿಯನ್ನಿನ ಒಂದು ಪಕ್ಕ ಪೂರ್ತಿ ಬೂದಿ ಬಣ್ಣ. ಬೆರಳಿನಿಂದ ಒರೆಸಿದರೆ ಪೆನ್ಸಿಲ್ ಮೊನೆ ಉಜ್ಜಿದ ಹಾಗೆ ಜಿಡ್ಡು ಜಿಡ್ಡಾಗಿ ಕೈಗೆ ಅಂಟಿತು. ಎಣ್ಣೆ ಚೆಲ್ಲಿದೆಯೇನೋ ಅಂದುಕೊಂಡು ಚೈನ್ ಲೂಬ್ ಡಬ್ಬಿ ಹುಡುಕಿದೆ. ಅದು ಬಲಗಡೆ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿತ್ತು. ಮೂಲೆಯಲ್ಲಿ ಅಮ್ಮ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯ ಕವರ್ ಇತ್ತು. ಗೋಡೆಗೆ ತಾಗಿದ್ದ ಕಡೆ ಕವರ್ ಉಜ್ಜಿ ಉಜ್ಜಿ ತೂತಾಗಿತ್ತು. ಕೆಂಪು ಚಟ್ನಿಪುಡಿಯ ನಡುವೆ ಬೂದು ಗೆರೆಗಳು. ಅಷ್ಟೂ ಚೆಲ್ಲಬೇಕಾಯಿತು. ಮುಂದಿನ ಆರು ದಿನ ಸ್ಪಿತಿಯ ಸಪ್ಪೆ ಅನ್ನ-ದಾಲ್‌ಗೆ ಅದನ್ನೇ ನಂಬಿಕೊಂಡಿದ್ದೆ. ಇವತ್ತಿಗೂ ಬೇಜಾರಾಗುತ್ತದೆ.

ಆಮೇಲೆ ವಿಷಯ ಅರ್ಥವಾಯಿತು. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಗಾಡಿ ದಿನವಿಡೀ ನಡುಗುತ್ತಿರುತ್ತದೆ, ಒಳಗಿನ ಸಾಮಾನು ಪೆಟ್ಟಿಗೆ ಗೋಡೆಗೆ ಉಜ್ಜುತ್ತಲೇ ಇರುತ್ತದೆ. ಉಜ್ಜಿದ ಕಡೆಯೆಲ್ಲ ಸಣ್ಣ ಕಪ್ಪು ಪುಡಿ ಏಳುತ್ತದೆ. ಒಳಗೋಡೆಗೆ ಆನೋಡೈಸಿಂಗ್ ಅಥವಾ ಪೌಡರ್ ಕೋಟಿಂಗ್‌ನಂಥ ಗಟ್ಟಿ ಲೇಪನ ಮಾಡಿದ್ದರೆ ಈ ತೊಂದರೆ ಕಡಿಮೆ. ನನ್ನದಕ್ಕೆ ಹೊರಗಡೆ ಮಾತ್ರ ಬಣ್ಣ ಇತ್ತು, ಒಳಗೆ ಬರೀ ತಗಡು. ಮಾರಿದವರು ಈ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಫೋನ್ ಮಾಡಿದಾಗ ಮಾತ್ರ, "ಅದಕ್ಕೇ ಅಲ್ವಾ ಸಾರ್ ಇನ್ನರ್ ಬ್ಯಾಗ್ ಬೇರೆ ಸಿಗೋದು" ಅಂದರು. ಪೆಟ್ಟಿಗೆ ಒಳಗೆ ಕೂರುವ ಆ ಚೀಲಕ್ಕೆ ಜೋಡಿಗೆ ಇನ್ನೂ 3,000 ರೂಪಾಯಿ.

ವಾಪಸ್ ಬಂದ ಮೇಲೆ ಹಳೇ ಯೋಗಾ ಮ್ಯಾಟ್ ಕತ್ತರಿಸಿ ತಳಕ್ಕೂ ನಾಲ್ಕೂ ಗೋಡೆಗೂ ಅಂಟಿಸಿದೆ. ಪುಡಿ ನಿಂತಿತು. ಆದರೆ ಒಳಗಿನ ಜಾಗ ಕಡಿಮೆಯಾಯಿತು, ಬಿಸಿಲಿಗೆ ನಿಲ್ಲಿಸಿದರೆ ರಬ್ಬರ್ ವಾಸನೆ ಬಟ್ಟೆಗೆಲ್ಲ ಹತ್ತುತ್ತಿತ್ತು. ಪೆಟ್ಟಿಗೆ ಈಗಾಗಲೇ ಕೊಂಡುಬಿಟ್ಟಿದ್ದರೆ ಇನ್ನರ್ ಬ್ಯಾಗೇ ತಗೊಳ್ಳಿ, ಊಟದ ಸಾಮಾನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಕವರ್ ಸಾಲದು.

ಎರಡನೇ ತೊಂದರೆ ರ‍್ಯಾಕ್‌ದು. ಕುಂಜುಮ್ ಘಾಟಿ ಇಳಿದು ಬಾತಲ್‌ನಿಂದ ಛತ್ರು ಕಡೆ ಹೋಗುವಾಗ ರಸ್ತೆ ಅನ್ನುವುದಕ್ಕಿಂತ ಹೊಳೆಯ ಪಾತ್ರ ಅನ್ನಬೇಕು, ಬರೀ ದುಂಡು ಕಲ್ಲು. ಅಲ್ಲಿ ಎಡಗಡೆ ಕೆಳಗಿನ ಬ್ರ್ಯಾಕೆಟ್ ವೆಲ್ಡಿಂಗ್ ಇದ್ದ ಜಾಗದಲ್ಲೇ ಬಿಟ್ಟುಕೊಂಡಿತು. ಪೆಟ್ಟಿಗೆಯನ್ನು ಪಟ್ಟಿಯಿಂದ ಸೀಟಿಗೆ ಬಿಗಿದು ಗ್ರಾಂಫು ತನಕ, ಆಮೇಲೆ ಅಟಲ್ ಸುರಂಗ ದಾಟಿ ಮನಾಲಿ ತನಕ ಮೆಲ್ಲಗೆ ಬಂದೆ. ರ‍್ಯಾಕ್ ಕಬ್ಬಿಣದ್ದು, ಹಾಗಾಗಿ 200 ರೂಪಾಯಿಗೆ ಬೆಸುಗೆ ಆಯಿತು. ಪೆಟ್ಟಿಗೆಯೇ ಸೀಳಿದ್ದರೆ ಕಷ್ಟವಿತ್ತು. ಅಲ್ಯೂಮಿನಿಯಂಗೆ ಆರ್ಗಾನ್ ಗ್ಯಾಸ್ ವೆಲ್ಡಿಂಗ್ ಬೇಕು, ರಸ್ತೆ ಬದಿಯ ಅಂಗಡಿಯಲ್ಲಿ ಅದು ಸಿಗುವುದು ಅಪರೂಪ. ಒಂದು ಮಾತು ನೆನಪಿಡಿ: ಗಾಡಿ ಮೇಲೆ ಇರುವಾಗಲೇ ವೆಲ್ಡಿಂಗ್ ಮಾಡಿಸುವುದಾದರೆ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ. ಇಂಜೆಕ್ಷನ್ ಗಾಡಿ, ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ (ಇಸಿಯು) ಸುಟ್ಟರೆ ಪ್ರವಾಸ ಅಲ್ಲಿಗೇ ಮುಗಿಯಿತು.

ಅಗಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈ ಗಾಡಿಯ ಹ್ಯಾಂಡಲ್ ಅಗಲ 84 ಸೆಂಟಿಮೀಟರ್. ಪೆಟ್ಟಿಗೆ ಹಾಕಿ ಟೇಪ್ ಹಿಡಿದರೆ 98. ಹ್ಯಾಂಡಲ್ ತೂರಿತು ಅಂತ ನುಗ್ಗಿದರೆ ಹಿಂದೆ ಎಲ್ಲೋ ತಗಲುತ್ತದೆ.

ತೂಕ ಮಾತ್ರ ಸಣ್ಣ ವಿಷಯ ಅಲ್ಲ. ಖಾಲಿ ಪೆಟ್ಟಿಗೆ, ರ‍್ಯಾಕ್ ಎಲ್ಲ ಸೇರಿ 15 ಕೆಜಿ. ಬಟ್ಟೆ ಬ್ಯಾಗ್ ಜೋಡಿ ಮೂರೇ ಕೆಜಿ, ಅದಕ್ಕೊಂದು ತೆಳ್ಳಗಿನ ಆಸರೆ ಪೈಪ್. ಗಾಡಿಯೇ 200 ಕೆಜಿ ಹತ್ತಿರ ಇದೆ, ಬಿದ್ದರೆ ಒಬ್ಬನೇ ಎತ್ತಬೇಕು. ಇನ್ನೊಂದು ಹೆದರಿಕೆ ಕಾಲಿನದು. ಜಲ್ಲಿ ಮೇಲೆ ಎರಡೂ ಕಾಲು ಊರಿಕೊಂಡು ಮೆಲ್ಲಗೆ ಹೋಗುತ್ತೇವಲ್ಲ, ಆಗ ಊರಿದ ಕಾಲು ಹಿಂದಕ್ಕೆ ಸರಿದು ಪೆಟ್ಟಿಗೆಯ ಮೂಲೆಗೆ ಸಿಗುತ್ತದೆ. ಲೋಸರ್ ಹತ್ತಿರ ನನ್ನ ಮೀನಖಂಡಕ್ಕೆ ಹಾಗೆ ಬಡಿದು ವಾರಗಟ್ಟಲೆ ನೀಲಿಯಾಗಿತ್ತು. ಅದೇ ಹೊತ್ತಿಗೆ ಗಾಡಿ ಮಗುಚಿದ್ದರೆ ಮೂಳೆಯೇ ಹೋಗುತ್ತಿತ್ತು.

ಶಿಂಕು ಲಾ ಕೆಳಗಿನ ಒಂದು ನಾಲಾದಲ್ಲಿ (ರಸ್ತೆಗೆ ಅಡ್ಡ ಹರಿಯುವ ತೊರೆ) ನಿಜಕ್ಕೂ ಬಿದ್ದೆ. ಮಧ್ಯಾಹ್ನವಾಗಿತ್ತು. ಮೇಲಿನ ಹಿಮ ಕರಗಿ ನೀರು ಏರಿತ್ತು, ತಳದ ಕಲ್ಲು ಕಾಣುತ್ತಿರಲಿಲ್ಲ. ಗಾಡಿ ಎಡಕ್ಕೆ ವಾಲಿ ಬಟ್ಟೆ ಬ್ಯಾಗಿನ ಮೇಲೆಯೇ ಒರಗಿತು, ದಿಂಬಿನ ಮೇಲೆ ಒರಗಿದ ಹಾಗೆ. ಕಾಲು ಎಳೆದುಕೊಂಡೆ, ಗಾಡಿ ಎತ್ತಿದೆ, ದಡ ಸೇರಿ ನೋಡಿದರೆ ಬ್ಯಾಗಿಗೆ ಒಂದು ಗೀರು ಅಷ್ಟೇ. ಪೆಟ್ಟಿಗೆಯಾಗಿದ್ದರೆ ಮೂಲೆ ನಜ್ಜಾಗಿ ಮುಚ್ಚಳ ಕೂರುತ್ತಿರಲಿಲ್ಲ.

ಹಾಗಂತ ಬಟ್ಟೆ ಬ್ಯಾಗಿಗೆ ಕಿರಿಕಿರಿ ಇಲ್ಲ ಅಂತಲ್ಲ. ಈ ಗಾಡಿಯ ಸೈಲೆನ್ಸರ್ ಬಲಗಡೆ ಮೇಲಕ್ಕೆ ಎದ್ದಿದೆ. ಬ್ಯಾಗು ಅದಕ್ಕೆ ತಾಗಿದರೆ ಕರಗುತ್ತದೆ, ನಾಲ್ಕು ಬೆರಳು ಅಂತರ ಬೇಕೇ ಬೇಕು. ಬೆಳಿಗ್ಗೆ ಪಟ್ಟಿ ಬಿಗಿದರೂ ಐವತ್ತು ಕಿಲೋಮೀಟರ್ ಆದ ಮೇಲೆ ಒಳಗಿನ ಸಾಮಾನು ಕೂತು ಸಡಿಲವಾಗುತ್ತದೆ, ನಿಲ್ಲಿಸಿ ಇನ್ನೊಮ್ಮೆ ಬಿಗಿಯಬೇಕು. ಜೋತಾಡುವ ತುದಿಗಳನ್ನು ಒಳಗೆ ಸಿಕ್ಕಿಸದಿದ್ದರೆ ಚೈನಿಗೆ ಸುತ್ತಿಕೊಳ್ಳುತ್ತವೆ. ಬ್ಯಾಗಿನ ಜೊತೆ ಕೊಡುವ ಹಳದಿ ಮಳೆ ಕವರ್ ನಂಬಬೇಡಿ. ಜುಲೈನಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಆ ಕವರಿನ ತಳದಲ್ಲಿ ಒಂದು ಚೊಂಬು ನೀರು ತುಂಬಿತ್ತು. ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್ ಒಳಗೆ ಹಾಕಿದ ಮೇಲೆ ಒಂದು ಹನಿಯೂ ಬಂದಿಲ್ಲ.

ಬೀಗದ ವಿಷಯದಲ್ಲಿ ಪೆಟ್ಟಿಗೆಯೇ ಮೇಲು, ಒಪ್ಪುತ್ತೇನೆ. ನಾಗಪುರದ ಲಾಡ್ಜಿನಲ್ಲಿ ಪೆಟ್ಟಿಗೆಗೆ ಬೀಗ ಹಾಕಿ ಕೈಬೀಸಿಕೊಂಡು ಮೂರನೇ ಮಹಡಿ ಹತ್ತಿದ್ದೆ. ಎರಡು ವರ್ಷ ಆದ ಮೇಲೆ ಅದೇ ಲಾಡ್ಜಿನಲ್ಲಿ ಎರಡೂ ಬ್ಯಾಗ್ ಹೆಗಲ ಮೇಲೆ ಹಾಕಿಕೊಂಡು ಹತ್ತಬೇಕಾಯಿತು. ಲ್ಯಾಪ್‌ಟಾಪ್, ಕ್ಯಾಮೆರಾ ಇರುವವರು, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಡಾಂಬರು ರಸ್ತೆಯಲ್ಲೇ ಹೋಗುವವರು ಪೆಟ್ಟಿಗೆ ಹಾಕಿಸಿದರೆ ನಾನು ಬೇಡ ಅನ್ನುವುದಿಲ್ಲ. ನಾನು ಹೋಗುವುದು ಒಬ್ಬನೇ, ಎರಡು ಜೊತೆ ಬಟ್ಟೆ, ಉಳಿಯುವುದು ಹೋಂಸ್ಟೇಯಲ್ಲಿ. ಬೆಲೆಯಲ್ಲಿ ಉಳಿದ 19,000 ರೂಪಾಯಿ ನನ್ನ ಮಟ್ಟಿಗೆ ಬೆಂಗಳೂರಿನಿಂದ ಮನಾಲಿಗೆ ಹೋಗಿ ಬರುವ ಪೆಟ್ರೋಲು.

ಜಾನ್‌ಸ್ಕಾರ್‌ನಿಂದ ಇಳಿಯುವಾಗ ಎಡ ಬ್ಯಾಗಿನ ಪಟ್ಟಿಯ ಹೊಲಿಗೆ ಬಿಚ್ಚಿಕೊಂಡಿತ್ತು. ಮನಾಲಿ ಬಸ್ ನಿಲ್ದಾಣದ ಪಕ್ಕ ಶೂ ಹೊಲಿಯುತ್ತಾ ಕೂತಿದ್ದ ಹಿರಿಯರ ಮುಂದೆ ಇಟ್ಟೆ. ಅವರು ಪಟ್ಟಿಯನ್ನು ಎರಡು ಸಲ ಎಳೆದು ನೋಡಿದರು. ಒಳಗಡೆ ಒಂದು ತುಂಡು ಚರ್ಮ ಇಟ್ಟು, ಮೇಣ ಹಚ್ಚಿದ ದಾರದಿಂದ ಅಡ್ಡಕ್ಕೂ ಉದ್ದಕ್ಕೂ ಹೊಲಿದರು. ಹತ್ತು ನಿಮಿಷ, ಅರವತ್ತು ರೂಪಾಯಿ. ಅಂಗಡಿಯ ಹೊಲಿಗೆ ಬೇರೆ ಕಡೆ ಸಡಿಲವಾಗಿದೆ, ಅವರು ಹಾಕಿದ್ದು ಇನ್ನೂ ಗಟ್ಟಿಯಾಗಿದೆ.