ವಿಟಮಿನ್ ಸಿ ಸೀರಮ್: ಬಹಳ ಕಾಲ ಹಚ್ಚಿ ನೋಡಿದವರ ಮಾತು

ಮುಖಕ್ಕೆ ಹಚ್ಚುವ ವಿಟಮಿನ್ ಸಿ ಸೀರಮ್ ಕೊಳ್ಳಲು ಹೊರಟವರು ಮೊದಲು ನೋಡುವುದು ಡಬ್ಬಿಯ ಮೇಲಿನ ಶೇಕಡಾ ಲೆಕ್ಕ. 10 ಇದೆಯಾ, 20 ಇದೆಯಾ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ ಅಂತ. ಹಲವು ವರ್ಷಗಳಿಂದ ಬೇರೆ ಬೇರೆ ಬಗೆಯವನ್ನು ಹಚ್ಚಿಕೊಂಡು ಬಂದಿರುವ ನನಗೆ ಹಾಗೆ ಅನ್ನಿಸುವುದಿಲ್ಲ. ಒಳಗಿರುವ ವಿಟಮಿನ್ ಸಿ ಯಾವ ರೂಪದ್ದು, ಮತ್ತು ಬಾಟಲಿ ಮುಗಿಯುವ ತನಕ ಅದು ಕೆಡದೆ ಉಳಿಯುತ್ತದಾ, ಈ ಎರಡು ಪ್ರಶ್ನೆ ಆ ಸಂಖ್ಯೆಗಿಂತ ದೊಡ್ಡವು. ಎರಡನೆಯದನ್ನು ಕೇಳುವವರು ತೀರಾ ಕಡಿಮೆ. ದುಡ್ಡು ಹಾಳಾಗುವುದು ಮಾತ್ರ ಅಲ್ಲೇ.

ನನ್ನ ಚರ್ಮ ಹೇಗಿದೆ ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಅನುಭವ ನಿಮಗೆ ಹೊಂದುತ್ತದೋ ಇಲ್ಲವೋ ತಿಳಿಯುವುದಿಲ್ಲ. ಬಣ್ಣ ಗೋಧಿ. ಹಣೆ, ಮೂಗು ಎಣ್ಣೆ ಎಣ್ಣೆ, ಕೆನ್ನೆ ಒಣ. ಮೊಡವೆ ಈಗ ಕಡಿಮೆ. ಆದರೆ ಬಂದ ಒಂದೊಂದೂ ಹೋಗುವಾಗ ಕಂದು ಕಲೆ ಬಿಟ್ಟು ಹೋಗುತ್ತದೆ, ಅದು ತಿಂಗಳುಗಟ್ಟಲೆ ಕೂರುತ್ತದೆ. ನಾನು ಸೀರಮ್ ಶುರು ಮಾಡಿದ್ದು ಆ ಕಲೆಗಳಿಗಾಗಿ. ಸುಕ್ಕಿನ ಚಿಂತೆ ಆಗ ಇರಲಿಲ್ಲ.

ಈ ಹೆಸರಿನಲ್ಲಿ ಮಾರುವ ಎಲ್ಲದರೊಳಗೂ ಒಂದೇ ವಸ್ತು ಇರುವುದಿಲ್ಲ. ಡಬ್ಬಿ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಅಲ್ಲಿ ಬರೀ ಆಸ್ಕಾರ್ಬಿಕ್ ಆಸಿಡ್ ಅಂತಲೋ ಎಲ್-ಆಸ್ಕಾರ್ಬಿಕ್ ಆಸಿಡ್ ಅಂತಲೋ ಇದ್ದರೆ ಅದು ನೇರ ವಿಟಮಿನ್ ಸಿ. ಹೆಚ್ಚಿನ ಸಂಶೋಧನೆ ಆಗಿರುವುದು ಇದರ ಮೇಲೆಯೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮತಜ್ಞ ಶೆಲ್ಡನ್ ಪಿನೆಲ್ ಮತ್ತು ಅವರ ಜೊತೆಗಾರರು 2001ರಲ್ಲಿ ಹಂದಿಯ ಚರ್ಮದ ಮೇಲೆ ಮಾಡಿದ ಪರೀಕ್ಷೆಗಳ ವಿವರ ಪ್ರಕಟಿಸಿದರು. ದ್ರಾವಣದ ಪಿಎಚ್ (ಆಮ್ಲದ ಅಳತೆ, ಕಡಿಮೆ ಇದ್ದಷ್ಟೂ ಆಮ್ಲ ಜಾಸ್ತಿ) 3.5ಕ್ಕಿಂತ ಕೆಳಗಿದ್ದಾಗಲೇ ಅದು ಚರ್ಮದೊಳಗೆ ಸರಿಯಾಗಿ ಇಳಿಯುತ್ತದೆ. ಶೇ. 20ರ ತನಕ ಪ್ರಮಾಣ ಏರಿಸಿದಂತೆ ಒಳಗಿಳಿಯುವುದೂ ಏರುತ್ತದೆ, ಅದರಾಚೆ ಏರಿಸಿದರೆ ಲಾಭವಿಲ್ಲ. ಒಮ್ಮೆ ಚರ್ಮದಲ್ಲಿ ತುಂಬಿಕೊಂಡ ಮೇಲೆ ಅದು ಅರ್ಧಕ್ಕೆ ಇಳಿಯಲು ಸುಮಾರು 4 ದಿನ ಬೇಕು. ಈ ಕೊನೆಯ ಸಂಗತಿ ತಿಳಿದ ಮೇಲೆ ನನಗೆ ದೊಡ್ಡ ನಿರಾಳ. ಒಂದು ಬೆಳಗ್ಗೆ ಹಚ್ಚುವುದು ತಪ್ಪಿದರೆ ಏನೂ ಆಗುವುದಿಲ್ಲ, ಚರ್ಮ ಉರಿಯುತ್ತಿದ್ದರೆ ದಿನ ಬಿಟ್ಟು ದಿನ ಹಚ್ಚಿದರೂ ನಡೆಯುತ್ತದೆ.

ಅದೇ ತಂಡ 2005ರಲ್ಲಿ ಇನ್ನೊಂದು ವಿಷಯ ತೋರಿಸಿತು. ಶೇ. 15 ವಿಟಮಿನ್ ಸಿ, ಶೇ. 1 ವಿಟಮಿನ್ ಇ ಇರುವ ದ್ರಾವಣಕ್ಕೆ ಗಿಡಗಳಲ್ಲಿ ಸಿಗುವ ಫೆರುಲಿಕ್ ಆಸಿಡ್ ಶೇ. 0.5 ಸೇರಿಸಿದರೆ ಬಿಸಿಲಿನ ಹಾನಿಯಿಂದ ಕಾಯುವ ಶಕ್ತಿ ಸುಮಾರು ಎರಡು ಪಟ್ಟಾಗುತ್ತದೆ, ದ್ರಾವಣವೂ ಬೇಗ ಕೆಡುವುದಿಲ್ಲ. ಇವತ್ತು ಎಷ್ಟೋ ಕಂಪನಿಗಳ ಸೀರಮ್‌ನಲ್ಲಿ ಈ ಮೂರೂ ಒಟ್ಟಿಗೆ ಕಾಣುವುದಕ್ಕೆ ಕಾರಣ ಇದು. ನನ್ನ ಕೈಯಲ್ಲಿ ಹೆಚ್ಚು ಕಾಲ ಉಳಿದದ್ದೂ ಈ ಬಗೆಯದೇ.

ಹಚ್ಚಿದಾಗ ಹೇಗಿರುತ್ತದೆ ಅಂತ ಕೇಳುತ್ತೀರಿ. ಮೊದಲ ವಾರಗಳಲ್ಲಿ ಮೂಗಿನ ಪಕ್ಕ ಮತ್ತು ತುಟಿಯ ಅಂಚಿನಲ್ಲಿ ಚುರುಚುರು ಅನ್ನುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತಿತ್ತು. ಅಷ್ಟು ಆಮ್ಲ ಇರುವ ವಸ್ತು ಚುರುಗುಟ್ಟುವುದು ಸಹಜ. ಆದರೆ ಕೆಂಪಾಗಿ ಗಂಟೆಗಟ್ಟಲೆ ಉರಿದರೆ, ದದ್ದು ಎದ್ದರೆ, ನವೆ ಬಂದರೆ ಅದು ಸಹಜವಲ್ಲ, ತೊಳೆದು ನಿಲ್ಲಿಸಿಬಿಡಿ. ಚರ್ಮ ಪಳಗುತ್ತಿದೆ ಅಂತ ಹಲ್ಲು ಕಚ್ಚಿ ತಡೆದುಕೊಳ್ಳುವ ವಿಷಯ ಇದಲ್ಲ. ಉರಿದ ಜಾಗ ನಮ್ಮಂಥ ಬಣ್ಣದವರಿಗೆ ಹೊಸ ಕಲೆಯಾಗಿ ಉಳಿಯುತ್ತದೆ, ಯಾವುದಕ್ಕಾಗಿ ಹಚ್ಚಿದೆವೋ ಅದೇ ಜಾಸ್ತಿಯಾಗುತ್ತದೆ. ಹಾಗಾಗಿ ಹೊಸ ಬಾಟಲಿ ಬಂದಾಗ ಮೊದಲು ಕಿವಿಯ ಹಿಂದೆ ಅಥವಾ ಮುಂಗೈ ಒಳಬದಿಯಲ್ಲಿ ಕೆಲವು ದಿನ ಹಚ್ಚಿ ನೋಡುವುದನ್ನು ನಾನು ಇಂದಿಗೂ ಬಿಟ್ಟಿಲ್ಲ. ಇನ್ನು ವಾಸನೆ. ಫೆರುಲಿಕ್ ಇರುವವು ಸ್ವಲ್ಪ ಲೋಹದ ಹಾಗೆ ನಾರುತ್ತವೆ, ಹಚ್ಚಿದ ಮೇಲೆ ಹೋಗುತ್ತದೆ. ಅಂಟು ಕೂಡ ಇದೆ. ಒಣಗುವ ಮೊದಲೇ ಬಟ್ಟೆ ಹಾಕಿಕೊಂಡರೆ ಕಾಲರ್ ಹಳದಿಯಾಗುತ್ತದೆ, ಕೈ ತೊಳೆಯದಿದ್ದರೆ ಬೆರಳ ತುದಿಯೂ ಹಾಗೇ.

ಇದು ತಡೆಯದವರಿಗೆ ಬೇರೆ ರೂಪಗಳಿವೆ. ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್, ಮೆಗ್ನೀಸಿಯಂ ಆಸ್ಕಾರ್ಬಿಲ್ ಫಾಸ್ಫೇಟ್, ಆಸ್ಕಾರ್ಬಿಲ್ ಗ್ಲುಕೋಸೈಡ್, 3-ಒ-ಈಥೈಲ್ ಆಸ್ಕಾರ್ಬಿಕ್ ಆಸಿಡ್, ಮತ್ತೆ ಎಣ್ಣೆಯಲ್ಲಿ ಕರಗುವ ಟೆಟ್ರಾಹೆಕ್ಸೈಲ್‌ಡೆಸಿಲ್ ಆಸ್ಕಾರ್ಬೇಟ್. ಹೆಸರು ಕೇಳಿ ಹೆದರಬೇಡಿ, ಎಲ್ಲವೂ ವಿಟಮಿನ್ ಸಿಗೆ ಇನ್ನೊಂದು ತುಂಡು ಕಟ್ಟಿ ಬೇಗ ಕೆಡದಂತೆ ಮಾಡಿದವು. ಅಷ್ಟು ಕಡಿಮೆ ಪಿಎಚ್ ಇವಕ್ಕೆ ಬೇಡ, ಹಾಗಾಗಿ ಉರಿಯೂ ಕಡಿಮೆ. ಆದರೆ ಇವುಗಳಲ್ಲಿ ಹೆಚ್ಚಿನವು ಚರ್ಮದೊಳಗೆ ಹೋಗಿ ನೇರ ವಿಟಮಿನ್ ಸಿ ಆಗಿ ಬದಲಾಗಬೇಕು, ಅದು ಎಷ್ಟು ಆಗುತ್ತದೆ ಅನ್ನುವುದಕ್ಕೆ ಇರುವ ಪುರಾವೆ ನೇರ ರೂಪಕ್ಕೆ ಇರುವಷ್ಟು ಗಟ್ಟಿಯಾಗಿಲ್ಲ. ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್ ಮೊಡವೆ ಇರುವವರ ಮೇಲೂ ಪರೀಕ್ಷೆಯಾಗಿದೆ, ಒಳ್ಳೆಯ ಫಲಿತಾಂಶವೂ ಬಂದಿದೆ. ಮೊಡವೆ ಏಳುತ್ತಿದ್ದ ಕಾಲದಲ್ಲಿ ನಾನು ಅದನ್ನೇ ಹಚ್ಚುತ್ತಿದ್ದೆ. ಮುಖಕ್ಕೆ ಹಿತವಾಗಿತ್ತು, ಹೊಸ ತೊಂದರೆ ತರಲಿಲ್ಲ, ಹಳೆಯ ಕಲೆ ಮಾತ್ರ ಬಹಳ ನಿಧಾನಕ್ಕೆ ತಿಳಿಯಾಯಿತು. ಈಥೈಲ್ ರೂಪದ್ದು ಇದಕ್ಕಿಂತ ವಾಸಿ ಅನ್ನಿಸಿತು, ಹಗುರ, ಅಂಟಿಲ್ಲ. ಚರ್ಮ ಬಹಳ ಸೂಕ್ಷ್ಮ ಇರುವವರು ಇದರಿಂದ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ನೀರೇ ಇಲ್ಲದೆ ಸಿಲಿಕೋನ್‌ನಲ್ಲಿ ಪುಡಿ ಕಲಸಿದ ಬಗೆಯೂ ಒಂದಿದೆ. ಹಚ್ಚುವಾಗ ತರಿತರಿ, ಮೇಲೆ ಸನ್‌ಸ್ಕ್ರೀನ್ ಹಚ್ಚಿದರೆ ಉಜ್ಜಿದಂತೆ ಉಂಡೆ ಉಂಡೆಯಾಗಿ ಕಿತ್ತು ಬರುತ್ತದೆ. ಬೆಳಗಿನ ಹೊತ್ತಿಗೆ ನನಗಂತೂ ಆಗಲೇ ಇಲ್ಲ.

ಈಗ ಕೆಡುವ ವಿಷಯಕ್ಕೆ ಬರೋಣ. ನೇರ ವಿಟಮಿನ್ ಸಿ ನೀರಿನಲ್ಲಿ ಕರಗಿದ ಕೂಡಲೇ ಗಾಳಿ, ಬೆಳಕು, ಬಿಸಿ ಮೂರೂ ಅದಕ್ಕೆ ಶತ್ರು. ಹೆಚ್ಚಿದ ಸೇಬು ಕಪ್ಪಾಗುವ ಹಾಗೆ ಸೀರಮ್ ಕೂಡ ಬಣ್ಣ ತಿರುಗುತ್ತದೆ. ಬಣ್ಣವಿಲ್ಲದ್ದು ತಿಳಿ ಹಳದಿಯಾಗುತ್ತದೆ, ಆಮೇಲೆ ಕಿತ್ತಳೆ, ಕೊನೆಗೆ ಕಂದು. ತಿಳಿ ಹಳದಿ ಇರುವ ತನಕ ನಾನು ಬಳಸುತ್ತೇನೆ, ಕೆಲವು ಸೀರಮ್ ಹೊಸದರಲ್ಲೇ ಅಷ್ಟು ಬಣ್ಣ ಇರುತ್ತವೆ. ಕಿತ್ತಳೆಗೆ ತಿರುಗಿದರೆ ಬಿಸಾಡುತ್ತೇನೆ. ವಿಟಮಿನ್ ಸಿ ಒಡೆದಾಗ ಹುಟ್ಟುವ ವಸ್ತುಗಳಲ್ಲಿ ಎರಿಥ್ರುಲೋಸ್ ಒಂದು. ಬಿಸಿಲಿಲ್ಲದೆ ಚರ್ಮಕ್ಕೆ ಕಂದು ಬಣ್ಣ ಕೊಡಲು ಮಾರುವ ಕೆಲವು ಕ್ರೀಮುಗಳಲ್ಲೂ ಅದನ್ನು ಹಾಕುತ್ತಾರೆ. ಸೀರಮ್ ಹಚ್ಚಿದ ಮೇಲೆ ಮುಖ ಹಳದಿಯಾಗಿ ಕಾಣುತ್ತದೆ, ರಂಧ್ರಗಳಲ್ಲಿ ಕಂದು ಚುಕ್ಕೆ ನಿಂತಂತಿದೆ ಅನ್ನುವವರು ಮೊದಲು ಬಾಟಲಿಯೊಳಗಿನ ಬಣ್ಣ ನೋಡಬೇಕು.

ಒಂದು ಕಂಪನಿಯ ಬಾಟಲಿ ನನ್ನ ಕೈಗೆ ಬಂದಾಗಲೇ ದಟ್ಟ ಕಿತ್ತಳೆ ಬಣ್ಣ ಆಗಿತ್ತು, ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಕೇಳಿದರೆ ಅದರ ಬಣ್ಣವೇ ಹಾಗೆ ಅಂದರು. ವಾಪಸ್ ಕಳಿಸಿ ದುಡ್ಡು ತೆಗೆದುಕೊಂಡೆ. ಅಂದಿನಿಂದ, ಮೊದಲೇ ಬಣ್ಣ ಹಾಕಿದ ಸೀರಮ್‌ಗಳನ್ನು ಕೊಳ್ಳುವುದಿಲ್ಲ. ಹಣ್ಣಿನ ಬಣ್ಣ, ಹಣ್ಣಿನ ಪರಿಮಳ, ನೋಡಲು ಚೆಂದ, ಆದರೆ ಕೆಟ್ಟಿದೆಯಾ ಅಂತ ಕಣ್ಣಿಗೆ ಗೊತ್ತಾಗುವ ಒಂದೇ ದಾರಿಯನ್ನೂ ಆ ಬಣ್ಣ ಮುಚ್ಚಿಬಿಡುತ್ತದೆ. ಸುಗಂಧಕ್ಕೆ ಹಾಕುವ ಎಣ್ಣೆಗಳು ಸೂಕ್ಷ್ಮ ಚರ್ಮವನ್ನು ಕೆರಳಿಸುವುದು ಬೇರೆ.

ಹಾಗಾಗಿ ಬಾಟಲಿಯನ್ನೇ ಗಮನವಿಟ್ಟು ನೋಡಿ. ಡ್ರಾಪರ್ ಇರುವುದನ್ನು ತೆರೆದಾಗಲೆಲ್ಲ ಒಳಗೆ ಹೊಸ ಗಾಳಿ ಹೋಗುತ್ತದೆ. ಗಾಳಿ ಒಳಹೋಗದ ಪಂಪ್ ಇದ್ದರೆ ಎಲ್ಲಕ್ಕಿಂತ ಉತ್ತಮ. ಡ್ರಾಪರ್ ಬಿಟ್ಟರೆ ಬೇರೆ ಸಿಗುವುದಿಲ್ಲ ಅಂದರೆ ದಟ್ಟ ಬಣ್ಣದ ಗಾಜು ಇರಲಿ, ಪಾರದರ್ಶಕ ಗಾಜಂತೂ ಬೇಡ. ಅಳತೆ ಚಿಕ್ಕದಿರಲಿ. 30 ಮಿಲಿ ಬಾಟಲಿಗಿಂತ 15 ಮಿಲಿಯದು ಮಿಲಿ ಲೆಕ್ಕದಲ್ಲಿ ಹೆಚ್ಚು ದುಬಾರಿ ಬೀಳಬಹುದು, ಆದರೆ ಕೊನೆಯ ಹನಿಯ ತನಕ ಚೆನ್ನಾಗಿರುತ್ತದೆ, ದೊಡ್ಡದರಲ್ಲಿ ಅರ್ಧ ಚೆಲ್ಲಿದರೆ ಯಾವುದು ಅಗ್ಗ ಹೇಳಿ. ತಯಾರಾದ ದಿನಾಂಕ ಹತ್ತಿರದ್ದೇ ಇರಬೇಕು. ತೆರೆದ ಮುಚ್ಚಳದ ಡಬ್ಬಿಯ ಚಿತ್ರದೊಳಗೆ ಬರೆದ ಸಂಖ್ಯೆ, ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಅನ್ನುವುದು. ನೇರ ವಿಟಮಿನ್ ಸಿ ವಿಷಯದಲ್ಲಿ ಆ ಸಂಖ್ಯೆಗಿಂತ ಬಣ್ಣವನ್ನೇ ನಂಬಿ. ಬಚ್ಚಲುಮನೆಯ ಬಿಸಿ ಹಬೆಯಲ್ಲಿ ಇಡಬೇಡಿ, ಕಪಾಟಿನ ಕತ್ತಲೆಯಲ್ಲಿ ಇಡಿ, ಫ್ರಿಜ್ ಆದರೆ ಇನ್ನೂ ಒಳ್ಳೆಯದು.

ಪರಿಣಾಮದ ಬಗ್ಗೆ. ಮೊದಲ ಕೆಲವು ದಿನಗಳಲ್ಲೇ ಹೊಳಪು ಬಂತು ಅಂತ ತುಂಬ ಜನ ಬರೆಯುತ್ತಾರೆ. ಆ ಹೊಳಪು ಹೆಚ್ಚಾಗಿ ಸೀರಮ್‌ನಲ್ಲಿರುವ ಗ್ಲಿಸರಿನ್, ಹೈಲುರಾನಿಕ್ ಆಸಿಡ್ ಕೊಡುವ ತೇವದ್ದು. ಕಲೆಯ ಮೇಲೆ ಆಗುವ ಕೆಲಸ ನಿಧಾನ. ವಿಟಮಿನ್ ಸಿ ಮಾಡುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವಕ್ಕೆ ಅಡ್ಡ ಬರುವುದು, ಅಂದರೆ ಹೊಸ ಬಣ್ಣ ಹುಟ್ಟುವುದನ್ನು ತಗ್ಗಿಸುವುದು. ಈಗಾಗಲೇ ಇರುವ ಬಣ್ಣ ಚರ್ಮದ ಮೇಲ್ಪದರ ಉದುರಿದಂತೆ ಹೋಗಬೇಕು, ಒಂದು ಸುತ್ತು ಬದಲಾಗಲು ಅದಕ್ಕೆ ಸುಮಾರು ಒಂದು ತಿಂಗಳೋ ಇನ್ನೂ ಜಾಸ್ತಿಯೋ ಬೇಕು. ಎರಡು ಮೂರು ತಿಂಗಳು ಬಿಡದೆ ಹಚ್ಚಿದ ಮೇಲೆಯೇ ನನಗೆ ವ್ಯತ್ಯಾಸ ಕಂಡದ್ದು. ದವಡೆಯ ಹಳೆಯ ಕಲೆಗಳು ತಿಳಿಯಾದವು, ಹೊಸ ಮೊಡವೆಯ ಕಲೆ ಮೊದಲಿನಷ್ಟು ಕಾಲ ಉಳಿಯಲಿಲ್ಲ, ಮುಖದ ಬಣ್ಣ ಎಲ್ಲ ಕಡೆ ಒಂದೇ ಸಮನಾಯಿತು. ಮೊಡವೆ ಬಿಟ್ಟ ಗುಳಿಗಳು ಹಾಗೇ ಇವೆ. ಕಣ್ಣಿನ ಕೆಳಗಿನ ಕಪ್ಪು ಹೋಗಲಿಲ್ಲ, ರಂಧ್ರಗಳೂ ಚಿಕ್ಕದಾಗಲಿಲ್ಲ. ಬೆಳ್ಳಗಾಗುತ್ತೀರಿ ಅಂತ ಮಾರುವವರನ್ನು ನಂಬಬೇಡಿ. ಇದು ಹುಟ್ಟಿದ ಬಣ್ಣವನ್ನು ಬದಲಿಸುವುದಿಲ್ಲ, ಬದಲಿಸಬೇಕಾದ ಅಗತ್ಯವೂ ಯಾರಿಗೂ ಇಲ್ಲ.

ಸನ್‌ಸ್ಕ್ರೀನ್ ಹಚ್ಚುವುದಿಲ್ಲ ಅನ್ನುವವರು ಸೀರಮ್‌ಗೆ ದುಡ್ಡು ಹಾಕಲೇಬೇಡಿ, ಆ ದುಡ್ಡಿಗೆ ಮೊದಲು ಸನ್‌ಸ್ಕ್ರೀನ್ ಕೊಳ್ಳಿ. ಕಲೆಯನ್ನು ಒಂದು ಕಡೆಯಿಂದ ತಿಳಿ ಮಾಡುತ್ತಾ ಇನ್ನೊಂದು ಕಡೆಯಿಂದ ಬಿಸಿಲು ಅದನ್ನು ಕಪ್ಪು ಮಾಡುತ್ತಿದ್ದರೆ ಸುಮ್ನೆ ಸಮಯ ಹಾಳು. ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಶಕ್ತಿಯ ಅಳತೆ) 30 ಅಥವಾ ಹೆಚ್ಚಿನದು, ಅದೂ ಸಾಕಷ್ಟು ಪ್ರಮಾಣದಲ್ಲಿ. ಕಂದು ಚರ್ಮಕ್ಕೆ ಕಣ್ಣಿಗೆ ಕಾಣುವ ಬೆಳಕಿನಿಂದಲೂ ಕಲೆ ಗಾಢವಾಗುತ್ತದೆ, ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ನೆರವಾಗುತ್ತದೆ. ನನ್ನ ಕಲೆಗಳ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ ಇರಬೇಕು ಅಂತ ನನ್ನ ನಂಬಿಕೆ.

ಬೆಳಗ್ಗೆ ಮುಖ ತೊಳೆದು ಒರೆಸಿ, ನಾಲ್ಕೈದು ಹನಿ ಸೀರಮ್, ಒಣಗಿದ ಮೇಲೆ ಮಾಯಿಶ್ಚರೈಸರ್, ಕೊನೆಗೆ ಸನ್‌ಸ್ಕ್ರೀನ್. ರೆಟಿನಾಲ್ (ವಿಟಮಿನ್ ಎಯ ಒಂದು ರೂಪ) ಹಚ್ಚುವವರು ಅದನ್ನು ರಾತ್ರಿಗೆ ಇಟ್ಟುಕೊಳ್ಳಿ. ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಜೊತೆ ಸೇರಬಾರದು ಅನ್ನುವುದು ಹಳೆಯ ಭಯ, ನಾನು ಎರಡೂ ಬಳಸುತ್ತೇನೆ, ತೊಂದರೆ ಇಲ್ಲ. ಮೊಡವೆಗೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್ ಮಾತ್ರ ವಿಟಮಿನ್ ಸಿಯನ್ನು ಕೆಡಿಸುತ್ತದೆ, ಎರಡನ್ನೂ ಒಂದೇ ಹೊತ್ತಿಗೆ ಹಚ್ಚಬೇಡಿ. ಮತ್ತೆ, ಸೀರಮ್ ಬದಲು ನಿಂಬೆರಸ ಸಾಲದಾ ಅಂತ ಕೇಳುವವರಿಗೆ: ಖಂಡಿತ ಬೇಡ. ಅದರಲ್ಲಿ ಆಮ್ಲದ ಉರಿ ಇದೆ, ಅಳತೆ ಇಲ್ಲ. ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಕೆಲವು ವಸ್ತುಗಳು ಬಿಸಿಲಿಗೆ ಸೇರಿದರೆ ಚರ್ಮ ಸುಟ್ಟಂತಾಗಿ ಕಪ್ಪು ಮಚ್ಚೆ ಉಳಿಯುತ್ತದೆ.

ಈಗ ಬಳಸುತ್ತಿರುವುದು ಶೇ. 15ರ ನೇರ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ ಮತ್ತು ಫೆರುಲಿಕ್, ಚಿಕ್ಕ ಪಂಪ್ ಬಾಟಲಿ. 5ಕ್ಕೆ 4 ಕೊಡುತ್ತೇನೆ, ಅಂಟಿಗಾಗಿ ಒಂದು ಕಳೆದಿದ್ದೇನೆ. ಚರ್ಮ ಒಣಗಿ ಬಿರಿಯುವ ದಿನಗಳಲ್ಲಿ ಇದನ್ನು ಪಕ್ಕಕ್ಕಿಟ್ಟು ಈಥೈಲ್ ರೂಪದ್ದನ್ನು ಹಚ್ಚುತ್ತೇನೆ. ಶೇ. 20ರದ್ದನ್ನೂ ನೋಡಿಯಾಯಿತು, ಉರಿ ಜಾಸ್ತಿಯಾಯಿತೇ ಹೊರತು ಕಲೆಯಲ್ಲಿ ಬೇರೆ ವ್ಯತ್ಯಾಸ ಕಾಣಲಿಲ್ಲ. ಮೊದಲ ಬಾರಿ ಕೊಳ್ಳುವವರು ಶೇ. 10ರಿಂದ ಶುರು ಮಾಡಿ.

ಎರಡೂ ಕೆನ್ನೆಯ ಮೇಲೆ ಬಂಗು ಹರಡಿದವರು ಮಾತ್ರ ಬರೀ ಸೀರಮ್ ನಂಬಿ ಕೂರಬೇಡಿ. ಅದು ಮೊಡವೆಯ ಕಲೆಯಂತಲ್ಲ, ಹಾರ್ಮೋನಿನ ಪಾತ್ರವೂ ಅದರಲ್ಲಿದೆ, ಹೋಯಿತು ಅಂದುಕೊಂಡಾಗ ಮತ್ತೆ ಬರುತ್ತದೆ. ಚರ್ಮರೋಗ ತಜ್ಞರಿಗೆ ತೋರಿಸಿ, ಅವರು ಕೊಡುವ ಔಷಧದ ಜೊತೆ ಈ ಸೀರಮ್ ಹಚ್ಚಬಹುದಾ ಅಂತ ಅವರನ್ನೇ ಕೇಳಿ.